ಏಳು

ರಾತ್ರಿ ಎರಡು ಗಂಟೆ. ಆಂಕರೇಜಿನಲ್ಲಿ ಜೂನ್ ತಿಂಗಳು.
ಮುಳುಗಿದ ಶಾಸ್ತ್ರ ಮಾಡಿ ಸೂರ್ಯ
ಗುಡ್ಡದ ಹಿಂದೆಯೇ ಹೊಂಚು ಹಾಕಿದ್ದಾನೆ.
ಹೋಟೆಲಿನ ಕಿಟಕಿಗೆ ನನಗಿಂತ ಮುಂಚಿನ ಯಾರೋ ಪೈಲಟ್
ರೊಟ್ಟಿ ಸುತ್ತುವ ಬೆಳ್ಳಿಹಾಳೆ ಅಂಟಿಸಿ ಹೋಗಿದ್ದ.
ಅದರಲ್ಲೊಂದು ಸೂಜಿತೂತು.
ತೂರಿ ಬಂದ ಬೆಳಕಿನ ಕಾಳು
ನನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಕೂತು
ನಾಲ್ಕು ತಾಸು ಕಾವು ಕೊಟ್ಟಿತು.
ನಿದ್ದೆ ಮರಿಯಾಗಲಿಲ್ಲ.

ಈಗ ಸರಕು ವಿಮಾನದ ಹೊಟ್ಟೆಯ ಕೆಳಗೆ ನಿಂತು
ಫಾರಂ ತುಂಬಬೇಕು.
ದಣಿವು: ಒಂದರಿಂದ ಏಳರೊಳಗೆ ಒಂದಕ್ಕೆ ಸುತ್ತು ಹಾಕಿ.
ಒಂದು ಅಂದರೆ ಪೂರ್ತಿ ಎಚ್ಚರ.
ಏಳು ಅಂದರೆ ಬಸವಳಿದದ್ದು, ಕೆಲಸಕ್ಕೆ ಬಾರದ್ದು.

ಅಂಕಿಯಲ್ಲಿ ಹೇಗೆ ಹೇಳಲಿ.
ಜೊಂಪು ಬೇರೆ, ಮಂಪರು ಬೇರೆ.
ತೂಕಡಿಕೆಗೆ ಕತ್ತು ಬೇಕು, ಕೋಳಿನಿದ್ದೆಗೆ ಕಿವಿ.
ಕಣ್ಣು ತೆರೆದೇ ಇದ್ದು
ಮುಳ್ಳು, ಎತ್ತರ, ವೇಗ ಎಲ್ಲ ಕಂಡು
ಏನೊಂದೂ ಒಳಗಿಳಿಯದ ಸ್ಥಿತಿಗೆ
ನಮ್ಮಪ್ಪ ಗೂಗಿ ನಿದ್ದಿ ಅನ್ನುತ್ತಿದ್ದ.

ಅಪ್ಪ ಹುಬ್ಬಳ್ಳಿ ಡಿಪೋದ ರಾತ್ರಿ ಬಸ್ಸಿನ ಡ್ರೈವರ್.
ಹಸಿಮೆಣಸಿನಕಾಯಿ ಕಚ್ಚಿಕೊಂಡು ಪುಣೆ ಮುಟ್ಟಿಸುವವನು
ಒಮ್ಮೆ ನಿಪ್ಪಾಣಿ ದಾಟಿದ ಮೇಲೆ
ಬಸ್ಸು ಬದಿಗೆ ಹಚ್ಚಿ, ಕೀಲಿ ಕಂಡಕ್ಟರನ ಕೈಗಿಟ್ಟು,
"ಇಪ್ಪತ್ತು ಮಿನಿಟು. ಬೈಯೋರು ಬೈಲಿ" ಅಂದು
ಸ್ಟೇರಿಂಗಿಗೆ ಹಣೆ ಕೊಟ್ಟು ಮಲಗಿಬಿಟ್ಟ.
ನಲವತ್ತೆಂಟು ಮಂದಿ ಬೈದರಂತೆ.
ನಲವತ್ತೆಂಟು ಮಂದಿ ಪುಣೆಯಲ್ಲಿ ಇಳಿದರು.
"ನಿದ್ದಿ ಅನ್ನೂ ಸಾವಕಾರ ಮನೀ ಬಾಗಲಾ ಬಡಿಯೂದಿಲ್ಲವಾ,
ನಡು ರಸ್ತಾದಾಗ ನಿಂದರಿಸಿ ವಸೂಲಿ ಮಾಡತಾನ."

ಮೊನ್ನೆ ಇಂಚಾನ್‌ನಿಂದ ಬಂದು ಇಳಿಯುವಾಗ
ಟವರ್ "ಏಳು, ಎಡ" ಅಂದಿತು.
ಏಳು, ಎಡ ಅಂತ ತಿರುಗಿ ಹೇಳುತ್ತಲೇ
ನನ್ನ ಬೆರಳು ಬಲದ್ದನ್ನು ಒತ್ತಿತು.
ಕ್ಯಾಪ್ಟನ್ ಹಾಲ್ವರ್ಸನ್ ನೋಡಿದರು. ನೋಡಿಯೂ ಕಾಣಲಿಲ್ಲ.
ಕೊನೆಗೆ ಸರಿಪಡಿಸಿದ್ದು ಅವರೋ ನಾನೋ
ಇಬ್ಬರಿಗೂ ನೆನಪಿಲ್ಲ.
ಇಳಿದ ಮೇಲೆ ಹವೆಯ ಮಾತಾಡಿದೆವು.

ಇವತ್ತೂ ಅವರು ಮೂರಕ್ಕೆ ಸುತ್ತು ಹಾಕಿದರು.
ಮೂವತ್ತೊಂದು ವರ್ಷದಿಂದ ಅವರ ದಣಿವು ಮೂರು.
ಹೆಂಡತಿಯ ಕೀಮೋ ನಡೆದ ವಾರವೂ ಮೂರು.
ನನ್ನದು ಯಾವಾಗಲೂ ನಾಲ್ಕು;
ಹೊಸಬಳಿಗೆ ಅಷ್ಟು ಸಲುಗೆ.

ಪೆನ್ನು ನಾಲ್ಕರ ಮೇಲೆ ನಿಂತಿತು.
ತಲೆಯ ಮೇಲೆ ತೊಂಬತ್ತು ಟನ್ನು:
ಐಸಿನಲ್ಲಿಟ್ಟ ಸಾಲ್ಮನ್ ಮೀನು, ಫೋನುಗಳು,
ಲೂಯಿವಿಲ್‌ನಲ್ಲಿ ಯಾರೋ ಕಾಯುತ್ತಿರುವ ಮದುವೆಯ ಬೂಟು.
ಪೆನ್ನು ಸರಿಯಿತು, ಐದು, ಆರು,
ಏಳಕ್ಕೆ ಸುತ್ತು ಹಾಕಿದೆ.

ಫೋನಿನಲ್ಲಿ ರೋಸ್ಟರಿನ ಮರ್ಲೀನ್:
"ಮಿಸ್ ಉಲ್ಲಾ... ಉಲ್ಲಗ... ನಿಜಕ್ಕೂ ಏಳಾ?
ಐದು ಅಂತಿದ್ದರೆ ಏನಾದರೂ ಹೊಂದಿಸಬಹುದಿತ್ತು."
"ಉಳ್ಳಾಗಡ್ಡಿ," ಅಂದೆ. "ಏಳು."
ಆ ಕಡೆ ಕೀಬೋರ್ಡಿನ ಸದ್ದು, ಒಂದು ಆಕಳಿಕೆ.
ಅವಳಿಗೂ ಅದು ಹನ್ನೆರಡನೆಯ ತಾಸಿರಬೇಕು.

ಹಾಲ್ವರ್ಸನ್ ಏನೂ ಅನ್ನಲಿಲ್ಲ.
ತಮ್ಮ ಹಾಳೆ ಮರಳಿ ಇಸಿದುಕೊಂಡು
ಮೂರನ್ನು ಹೊಡೆದರು, ಕಾಗದ ಹರಿಯುವಷ್ಟು.
ಪಕ್ಕದಲ್ಲಿ ಆರು ಬರೆದರು.
ವ್ಯಾನಿನ ಬಾಗಿಲು ಹಾಕುವ ಮೊದಲೇ
ಬಾಯಿ ತೆರೆದು, ಟೋಪಿ ಜಾರಿ, ಮಲಗಿದ್ದರು.

ನನಗೇ ಬೇಗ ಹತ್ತಲಿಲ್ಲ.
ಮೀನು ಕೆಟ್ಟೀತೆ, ಕೆಲಸ ಉಳಿದೀತೆ,
ಆ ಬೂಟಿಲ್ಲದೆ ಮದುವೆಗಂಡು ಏನು ಮಾಡಿಯಾನು.
ಸೂಜಿತೂತಿಗೆ ಬ್ಯಾಂಡೇಜು ಅಂಟಿಸಿದೆ.
ಕತ್ತಲೆ ಆಯಿತು, ಈ ತಿಂಗಳಲ್ಲಿ ಮೊದಲ ಸಲ.

ಅಲ್ಲಿ ಫಾರಮ್ಮಿನಲ್ಲಿ ಮುಗಿದುಹೋದವಳ ಅಂಕಿ;
ನನ್ನ ಮಾತಿನಲ್ಲಿ ಅದು ಎಬ್ಬಿಸುವ ಕೂಗು.
ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ
ಖಾಕಿ ಅಂಗಿಯ ಗುಂಡಿ ಬಿಚ್ಚುತ್ತ
ಏಳವಾ, ಏಳು, ಸಾಲಿಗೆ ಹೊತ್ತಾತು ಅನ್ನುತ್ತಿದ್ದ.
ಎಬ್ಬಿಸಿ, ನಾನು ಬಿಟ್ಟೆದ್ದ ಬಿಸಿ ಹಾಸಿಗೆಯಲ್ಲೇ
ದೊಪ್ಪನೆ ಉರುಳುತ್ತಿದ್ದ.

ಗೋಡೆಯ ಕಡೆಗೆ ಸರಿದೆ.
ಒಬ್ಬರಿಗಾಗುವಷ್ಟು ಜಾಗ ಬಿಟ್ಟು
ಮಲಗಿದೆ.