ಅರ್ಧ ಟ್ಯಾಂಕು

ಬಂಪರಿನ ಮೇಲೆ ಮೊಣಕಾಲೂರಿ ಅದುಮಿ ಬಿಟ್ಟ ಆರ್ವಲ್.
ಒಂದು, ಎರಡು, ಮೂರು, ನಾಲ್ಕು,
ಐದನೆಯ ಕುಲುಕಿಗೆ ಎಣಿಸುವುದನ್ನೇ ಬಿಟ್ಟು
ಟೋಪಿ ತೆಗೆದ, ಸತ್ತವರೆದುರು ತೆಗೆಯುವ ಹಾಗೆ.
ಚಕ್ರದ ಹಿಂದೆ ತಲೆ ತೂರಿಸಿ ನೋಡಿದೆ:
ಎಣ್ಣೆ ಸೋರಿ, ಸೋರಿದಲ್ಲೆಲ್ಲ ಧೂಳು ಕೂತು
ಉಣ್ಣೆ ಬೆಳೆದಿತ್ತು ಕಬ್ಬಿಣಕ್ಕೆ.
ಟೈರೋ, ಇಲಿ ತಿಂದುಳಿದ ರೊಟ್ಟಿಯಂಚು.

"ಹೇಳು ಮೈತೆ, ನಿನ್ನ ಪಿಕಪ್ಪು ಹೆಚ್ಚಾಗಿ ಓಡುವುದು
ತುಂಬಿಯೋ, ಖಾಲಿಯೋ?"

ಎಲ್ಕೊ ಊರಿನ ಬಿಡಿಭಾಗದ ಅಂಗಡಿ. ಏಪ್ರಿಲ್.
ಬೀಳಲೋ ಬೇಡವೋ ಎಂದು ಹೊರಗೆ ಹಿಮದ ಅನುಮಾನ.
ಗಲ್ಲಾದ ಮೇಲೆ ಮೂರು ಡಬ್ಬಿ ತೆರೆದಿಟ್ಟ.
ಮೆತ್ತನೆಯದು, ಜೋಡಿಗೆ ತೊಂಬತ್ತು ಡಾಲರ್:
ಖಾಲಿ ಗಾಡಿಗೆ ತೊಟ್ಟಿಲು, ಹೊರೆ ಬಿದ್ದರೆ ಜೋಕಾಲಿ.
ಬಿರುಸಿನದು, ಒಳಗೆ ಗ್ಯಾಸು ತುಂಬಿದ್ದು, ನನ್ನ ತೋಳಿನಷ್ಟು ದಪ್ಪ:
ಹೊರೆಗೆಂದೇ ಹೇಳಿ ಮಾಡಿಸಿದ್ದು. ಖಾಲಿ ಹೋದಿರೋ,
ಮನೆಗೆ ಬಂದು ಹಲ್ಲೆಣಿಸಿಕೊಳ್ಳಬೇಕು.
ಮೂರನೆಯದಕ್ಕೊಂದು ತಿರುಪು.
ಈ ಕಡೆಗೆ ಬಿಗಿ, ಆ ಕಡೆಗೆ ಸಡಿಲ.
ಅದರ ಬೆಲೆಗೆ ಮೂರು ಒಳ್ಳೆಯ ಟಗರು ಬರುತ್ತವೆ;
ತಿರುವಬೇಕೆಂದರೆ ಪ್ರತಿ ಸಲ
ಕೆಸರಲ್ಲಿ ಅಂಗಾತ ಮಲಗಬೇಕು, ಈ ಸೊಂಟ ಹೊತ್ತು.

ಇಪ್ಪತ್ತು ವರ್ಷ ನಾನೂ ತಪ್ಪೇ ತಿಳಿದಿದ್ದೆ,
ಶಾಕ್ ಅಬ್ಸಾರ್ಬರ್ ಅಂದರೆ ಭಾರ ಹೊರುವುದು ಅಂತ.
ಹೊರುವವು ಪಟ್ಟೆಗಳು,
ಒಂದರ ಮೇಲೊಂದು ಬಾಗಿ ಮಲಗಿದ ಉಕ್ಕಿನ ಪಟ್ಟೆಗಳು.
ಇದು ಏನನ್ನೂ ಹೊರುವುದಿಲ್ಲ.
ಹಳ್ಳ ದಾಟಿ ಎಷ್ಟು ಹೊತ್ತಾದರೂ
ಹಳ್ಳವನ್ನೇ ನೆನೆದು ಕುಣಿಯುವ ಪಟ್ಟೆಗೆ
"ಸಾಕು, ಮುಗಿಯಿತು ಅದು" ಅನ್ನುವುದಷ್ಟೇ ಇದರ ಕೆಲಸ.
ಅಂದಂದೇ ಬಿಸಿಯಾಗುತ್ತದೆ.
ಬಿಸಿಯಾಗಿ ಬಿಸಿಯಾಗಿ ಒಂದು ದಿನ ಸೋರುತ್ತದೆ.

"ತುಂಬಿಯೋ ಖಾಲಿಯೋ?" ಮತ್ತೆ ಆರ್ವಲ್.

ತುಂಬಿದ ಕೊಡ ತುಳುಕುವುದಿಲ್ಲ, ಒಪ್ಪಿದೆ.
ನಾನೂರು ಗ್ಯಾಲನ್ ಕಂಠಮಟ್ಟ ತುಂಬಿದಾಗ
ನನ್ನ ಟ್ಯಾಂಕು ಪಾದ್ರಿಯಷ್ಟು ಗಂಭೀರ.
ಖಾಲಿಯಾದರೆ ಬರೀ ಡೋಲು, ಸದ್ದು ಜಾಸ್ತಿ, ಅಪಾಯವಿಲ್ಲ.
ಆದರೆ ಕುರಿಗಳ ಮೊದಲ ತೊಟ್ಟಿಗೆ ನೂರು,
ಮುಂದಿನದಕ್ಕೆ ನೂರು ಇಳಿಸಿ
ಉಳಿದರ್ಧ ಹೊತ್ತು ಇಳಿಜಾರಿಗೆ ತಿರುಗಿದೆನೋ,
ಬ್ರೇಕು ಒತ್ತಿದರೆ ಬೆನ್ನಿಗೆ ಗುದ್ದುವ ನೀರು,
ಬಿಟ್ಟರೆ ಬಾಲ ಹಿಡಿದೆಳೆಯುವ ನೀರು,
ತಿರುವಿನಲ್ಲಿ ನಾನೊಂದು ಕಡೆ ಅದೊಂದು ಕಡೆ.
ಬಟ್ಟೆ ಒಗೆವ ಹಲಗೆಯಂಥ ಆ ಹನ್ನೊಂದು ಮೈಲಿ
ಗಾಡಿಯೊಳಗೆ ಇನ್ನೊಂದು ಗಾಡಿ, ಅದಕ್ಕೆ ಸ್ಟಿಯರಿಂಗಿಲ್ಲ.

ಹೋದ ವರ್ಷ ಅಲ್ಲೇ, ಸೇಜ್ ಪೊದೆಗಳ ನಡುವೆ
ಎರಡು ಚಕ್ರ ನೆಲ ಬಿಟ್ಟಾಗ
ಎಲೆಯುತೆರಿಯೊ ಎರಡೂ ಕೈಯಲ್ಲಿ ಬಾಗಿಲು ಹಿಡಿದು
ಪೆರುವಿನ ಸಂತರನ್ನೆಲ್ಲ ಹೆಸರೆತ್ತಿ ಕರೆದಿದ್ದ.
ಆಮೇಲೆ ಬೇಸಗೆಯಿಡೀ ಕುದುರೆಯ ಮೇಲೇ ಬಂದ.

"ಅರ್ಧ," ಅಂದೆ.
ಆರ್ವಲ್ ಕನ್ನಡಕ ಏರಿಸಿ ಪಟ್ಟಿ ತಿರುವಿದ, ಹಿಂದಿನಿಂದಲೂ ತಿರುವಿದ.
ಅರ್ಧಕ್ಕೆಂದು ಯಾರೂ ಏನೂ ಮಾಡಿರಲಿಲ್ಲ.

ಹಿಂದಕ್ಕೆ ಬಿರುಸಿನದು, ಮುಂದಕ್ಕೆ ಮೆತ್ತನೆಯದು ಕೊಂಡೆ.
"ಹಾಗೆ ಹಾಕುವುದಿಲ್ಲ ಯಾರೂ."
"ಅಂಗಡಿಯಲ್ಲಿ ಹಾಕುವುದಿಲ್ಲ," ಅಂದೆ.
ಮನೆಯಲ್ಲಿ ತುಕ್ಕು ಹಿಡಿದ ಒಂದೇ ಒಂದು ಬೋಲ್ಟು
ಇಡೀ ಮಧ್ಯಾಹ್ನವನ್ನು ನುಂಗಿತು; ಕೊನೆಗೆ
ಗ್ಯಾಸ್ ಕಟರಿನಿಂದ ಕೊಯ್ದೆ, ಅರ್ಧ ಹುಬ್ಬು ತೆತ್ತು.

ಶನಿವಾರ. ಕುದುರೆಗೆ ಕುಂಟು,
ಹಾಗಾಗಿ ಪಕ್ಕದಲ್ಲಿ ಎಲೆಯುತೆರಿಯೊ, ಎರಡೂ ಕೈ ಬಾಗಿಲಿಗೆ.
ಮೊದಲ ತೊಟ್ಟಿ. ಎರಡನೆಯದು. ಇಳಿಜಾರು.
ಹಳ್ಳಕ್ಕೆ ಚಕ್ರ ಇಳಿಯಿತು, ಹತ್ತಿತು.
ಬೆನ್ನ ಹಿಂದೆ ನೀರೆದ್ದಿತು.
ತುಳುಕಿತು.
ಇನ್ನೊಮ್ಮೆ, ಅರೆಮನಸ್ಸಿನಲ್ಲಿ.
ಆಮೇಲೆ ಬರೀ ಎಂಜಿನ್ನಿನ ಸದ್ದು.

ಅವನು ಏನೂ ಅನ್ನಲಿಲ್ಲ.
ಒಂದು ಕೈ ತೆಗೆದು ಜೇಬಿನಿಂದ
ಸೂರ್ಯಕಾಂತಿ ಬೀಜ ಹಿರಿದು ನನಗೂ ನಾಲ್ಕು ಕೊಟ್ಟ.
ಇನ್ನೊಂದು ಕೈ ಬಾಗಿಲ ಮೇಲೇ ಇತ್ತು.