ಹತ್ತರಲ್ಲಿ ಏಳು

ಬಂಕಿಗೆ ಬಂದವರೆಲ್ಲ ಮೊದಲು ಬೋರ್ಡು ನೋಡುತ್ತಾರೆ,
ಆಮೇಲೆ ನನ್ನ ಮುಖ.
ಬೋರ್ಡಿನಲ್ಲಿ ಎಥನಾಲ್. ನಮ್ಮ ಬಾಯಲ್ಲಿ ಕಬ್ಬಿನೆಣ್ಣೆ.
ಅದರ ಬೆಲೆಯನ್ನು ಪೆಟ್ರೋಲಿನದರಿಂದ ಭಾಗಿಸಿ
ಹತ್ತರಲ್ಲಿ ಏಳರೊಳಗೆ ಬಂದರೆ ಕಬ್ಬು,
ದಾಟಿದರೆ ಪೆಟ್ರೋಲು.
ಇಷ್ಟು ಗಣಿತ ಪಿತಾಂಗೇರಾಸಿನಲ್ಲಿ
ಪಾದ್ರಿಗೂ ಗೊತ್ತು, ಕುಡುಕನಿಗೂ ಗೊತ್ತು.

ನಮ್ಮಪ್ಪ ಡೊರ್ವಲೀನೊಗೆ ಮಾತ್ರ ಬಗೆಹರಿಯದು.
ಒಂಬತ್ತೇ ಬೆರಳು ಅವನಿಗೆ.
ಹತ್ತನೆಯದನ್ನು ಎಂಬತ್ತೇಳರ ಆಗಸ್ಟಿನಲ್ಲಿ
ಮಚ್ಚು ತೆಗೆದುಕೊಂಡಿತು.
'ಜಲ್ಲೆ ಜೊತೆ ಅದೂ ಗಾಣಕ್ಕೇ ಹೋಯಿತು ಬಿಡು,
ಯಾರದೋ ಟ್ಯಾಂಕಿನಲ್ಲಿ ಕೂತು ಸಾಂಟೋಸಿಗೆ ಹೋಗಿ
ನಾನು ನೋಡದ ಸಮುದ್ರ ನೋಡಿಕೊಂಡಿರುತ್ತೆ.'

ಆಗ ಹೊಲಕ್ಕೆ ರಾತ್ರಿ ಬೆಂಕಿ ಇಡುತ್ತಿದ್ದರು,
ತರಗು ಸುಟ್ಟು ಜಲ್ಲೆಯಷ್ಟೇ ನಿಲ್ಲಲಿ ಅಂತ.
ಬೆಳಗ್ಗೆ ಹಗ್ಗದ ಮೇಲಿನ ಬಟ್ಟೆಗೆಲ್ಲ ಕರಿ ಎಳೆ;
ನನ್ನ ಮೊದಲ ಪರಮಪ್ರಸಾದದ ಬಿಳಿ ಅಂಗಿಯನ್ನು
ಅವ್ವ ಬೈಯುತ್ತ ಮೂರು ಸಲ ಒಗೆದಳು.
ಮೇಸ್ತ್ರಿ ಎರಡು ಕಾಲಿನ ಕೋಲು ತಿರುಗಿಸುತ್ತ
ಕಡಿದ ಸಾಲು ಅಳೆಯುತ್ತಿದ್ದ.
ಕೋಲು ಒಮ್ಮೊಮ್ಮೆ ಎಡವುತ್ತಿತ್ತು,
ಎಡವಿದ್ದೆಲ್ಲ ಕಾರ್ಖಾನೆಯ ಕಡೆಗೇ.

ಅಪ್ಪನದು ಮೀಟರು, ನನ್ನದು ಲೀಟರು.
ನನ್ನ ಯಂತ್ರ ಎಡವುವುದಿಲ್ಲ,
ಸರ್ಕಾರದವರು ಬಂದು ಸೀಲು ಒತ್ತಿ ಹೋಗುತ್ತಾರೆ.
ಹೊಲದಲ್ಲೂ ಈಗ ಯಂತ್ರವೇ; ರಾತ್ರಿಯೆಲ್ಲ ದೀಪ ಹಚ್ಚಿಕೊಂಡು
ನೂರು ಮಚ್ಚಿನ ಕೆಲಸ, ಒಳಗೊಬ್ಬ ಹುಡುಗ, ತಂಪು ಗಾಳಿ.
ಗಾಳಿ ಈಚೆ ಬೀಸಿದರೆ ಹುಳಿ ವಾಸನೆ.
ಕಬ್ಬಿನ ಹಾಲು ಹುದುಗಿ, ಕುದಿದು,
ಹಬೆಯಾಗಿ, ಹನಿಯಾಗಿ, ನನ್ನ ನಳಿಗೆಗೆ ಬರುತ್ತದೆ.
ಬಣ್ಣವಿಲ್ಲ.
ಯಾರು ಕಡಿದರು ಅಂತ ಎಲ್ಲೂ ಬರೆದಿಲ್ಲ.

ಇವತ್ತು ಜುಲೈ ಚಳಿ, ಐದೂವರೆ ಗಂಟೆ,
ಅಪ್ಪನ ಕಂದು ಕಾರು ಬಂಕಿನಲ್ಲೇ ಕೆಮ್ಮಿ ನಿಂತಿತು.
ಕಬ್ಬು ಬಿಟ್ಟು ಬೇರೇನೂ ಕುಡಿಯದ ಹಳೆ ಜಾತಿ,
ಆದರೂ ಇಂಥ ಬೆಳಗಿನಲ್ಲಿ ಕಣ್ಣು ಬಿಡಲು
ಒಂದು ಗುಟುಕು ಪೆಟ್ರೋಲು ಬೇಕು ಅದಕ್ಕೆ.
ಬಾನೆಟ್ಟಿನ ಕೆಳಗಿನ ಪುಟ್ಟ ಡಬ್ಬಿಗೆ ಸುರಿದೆ.
'ಸಾಕು, ಸಾಕು,' ಅಂದ, ಔಷಧಿಗೆ ಮುಖ ಹಿಂಡುವ ಮಗುವಿನಂತೆ.

ಹೊತ್ತಿಕೊಂಡಿತು.
ಅಪ್ಪ ಇಳಿದು ಹಿಂದಕ್ಕೆ ಹೋಗಿ
ಹೊಗೆಕೊಳವೆಯ ಬಳಿ ಬಗ್ಗಿದ,
ಹಸುಗೂಸಿನ ನೆತ್ತಿ ಮೂಸುವವನ ಹಾಗೆ.
ಹಿಂದಿನ ಲಾರಿಯವನು ಹಾರ್ನು ಒತ್ತುತ್ತಲೇ ಇದ್ದ.
'ಇದು ಯಾವ ಸಾಲಿನದು, ಝೆನಾಯ್ಜಿ?'

ನಾನು ಬೋರ್ಡು ನೋಡಿದೆ.
ಹತ್ತರಲ್ಲಿ ಆರೂಮುಕ್ಕಾಲು.
'ಇವತ್ತು ಕಬ್ಬೇ ಲಾಭ, ಅಪ್ಪ.'
ಅವನು ಒಂದೊಂದಾಗಿ ಬೆರಳು ಮಡಚಿದ,
ಕೊನೆಗೆ ಬಂದು ತಡವರಿಸಿದ,
ಮತ್ತೆ ಮೊದಲಿಂದ ಶುರುಮಾಡಿದ.