ಶಂಕು

ಮೂವತ್ತೊಂದು ವರ್ಷ ಗಾಜು ತೊಳದ ಕೈ ಇವು,
ಯಾದಗಿರಿ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ್ಯಾಗ.
ಯಾವ ಬೀಕರಿನ ತುಟಿ ಸೀಳ್ಯದ,
ಯಾವ ಬ್ಯೂರೆಟ್ಟಿನ ತಿರುಪು ಸಡಿಲದ,
ಕತ್ತಲಾಗ ಮುಟ್ಟಿ ಹೇಳ್ತಿದ್ದೆ.

ರಿಟೈರಾದ ದಿನ ಶಾಲು, ಹಾರ, ಸೇಬಿನ ಬುಟ್ಟಿ.
ಪ್ರಿನ್ಸಿಪಾಲರು ಭಾಷಣದಾಗ ನನ್ನ ಹೆಸರು ಹುಸೇನಪ್ಪ ಬದಲಿ
ಹನುಮಪ್ಪ ಅಂದ್ರು. ಇರ್ಲಿ.
ಎಲ್ಲಾರೂ ಹೋದ ಮ್ಯಾಲ ಎಸ್ತೇರ ಮೇಡಂ
ಬ್ಯಾಗಿನಿಂದ ಒಂದು ಶೀಷೆ ತೆಗದ್ರು,
ಚೀಟಿ ಕೆರೆದ ಹಳೇ ಶರಬತ್ತಿನ ಶೀಷೆ.
'ಬೀದರಿನ್ಯಾಗ ನಮ್ಮವ್ವ ಹಾಕಿದ್ದು.
ಕರೀ ದ್ರಾಕ್ಷಿ, ಸಕ್ರಿ, ಒಂದು ಹಿಡಿ ಗೋಧಿ.
ನಮ್ಮ ಪಾದ್ರಿಗೆ ಮಾತ್ರ ಹೇಳಬ್ಯಾಡ.'

ಚಹಾದ ಲೋಟ ಎಲ್ಲಾ ಮೌನೇಶ ಕ್ಯಾಂಟೀನಿಗೆ ಒಯ್ದಿದ್ದ.
ಬೀರುವಿನ್ಯಾಗ ಹೊಸ ಪೆಟ್ಟಿಗಿ ಇತ್ತು,
ಹುಲ್ಲಿನ್ಯಾಗ ಮಲಗಿದ ಗಾಜು, ಆಸಿಡ್ಡಿನ ಮುಖ ಕಾಣದ್ದು.
ಬಿಸಿನೀರಿನ್ಯಾಗ ಎರಡು ಸಲ ತೊಳದೆ.

ಮೊದಲು ಪ್ರನಾಳ. ಒಂದೇ ಗುಟುಕು,
ನಾಲಿಗಿ ಮುಟ್ಟದಂಗ ಗಂಟಲಿಗೆ ಇಳೀತು,
ಸರಕಾರಿ ದವಾಖಾನಿ ಕೆಮ್ಮಿನ ಔಷಧ ಕುಡದಂಗ.
'ಚರ್ಚಿನ್ಯಾಗೂ ಹಿಂಗೇ,' ಮೇಡಂ ನಕ್ಕರು,
'ಬೆರಳಿನ ತುದಿಯಷ್ಟು ಗಿಂಡಿ.
ರುಚಿ ನೋಡೂದ್ರಾಗ ಪಾಪ ಕ್ಷಮೆ ಆಗಿರ್ತದ.'

ಆಮ್ಯಾಲ ಗಾಜಿನ ಬಟ್ಟಲು, ಅಂಗೈಯಷ್ಟು ಅಗಲ.
ವಾಸನಿ ಕಿಟಕಿ ದಾಟಿ, ಸ್ಟೇಷನ್ ದಾಟಿ,
ಕೋಟಿ ಬೆಟ್ಟ ಹತ್ತಿ ಹೋಯ್ತು.
ಉಳಿದದ್ದು ಹುಳಿ ಅಷ್ಟೇ.
ಬೀಕರಂತೂ ಬ್ಯಾಡ್ರಿ:
ಸುರಿಯೂದಕ್ಕ ಹುಟ್ಟಿದ್ದು ಅದು,
ನನ್ನ ಬಿಳೀ ಅಂಗಿ ಮ್ಯಾಲೇ ಸುರೀತು.

ಕಡೀಗಿ ಶಂಕು. ಇನ್ನೂರೈವತ್ತರ ಕೋನಿಕಲ್ ಫ್ಲಾಸ್ಕು.
ಕೆಳಗ ಹೊಟ್ಟಿ, ಮ್ಯಾಲ ಸಣ್ಣ ಕುತಿಗಿ.
ಎರಡು ಬೆರಳು ಅಗಲ ಹಾಕಿ
ಹಿಡದದ್ದೇ ತಡ, ಕೈ ತಾನೇ ತಿರುಗ್ಸಾಕತ್ತಿತು.
ಟೈಟ್ರೇಷನ್ ರೂಢಿ ಬಿಡ್ಬೇಕಲ್ಲ!
ಎಷ್ಟು ಸಾವಿರ ಸಲ ಹಿಂಗ ತಿರುಗಿಸಿಲ್ಲ,
ಒಂದೇ ಹನಿಗೆ ಬಣ್ಣ ಗುಲಾಬಿಯಾಗೂದು ಕಾಯ್ಕೋತ.
ಇದು ಮೊದಲೇ ಕೆಂಪು.
ಗೋಡಿ ಏರಿ, ಇಳದು, ತೆಳ್ಳಗ ಜಾರ್ತಿತ್ತು.

ಮೂಗು ಹತ್ರ ಒಯ್ಯಬ್ಯಾಡ್ರೋ, ಕೈ ಬೀಸಿ ನೋಡ್ರಿ ಅಂತ
ಎಷ್ಟು ಹುಡುಗರಿಗೆ ಬೈದಿಲ್ಲ ನಾನು.
ಮೇಡಂ ಈಗೂ ಕೈ ಬೀಸಿದ್ರು, ಅಭ್ಯಾಸ.
ನಾನು ಮೂಗು ಒಳಗ ಇಟ್ಟುಬಿಟ್ಟೆ.

ಲವಂಗ. ಹಸಿ ಕಟ್ಟಿಗಿ. ಟ್ರಂಕಿನ್ಯಾಗಿಟ್ಟ ಮದವಿ ಸೀರಿ.
ಬಟ್ಟಲದಾಗ ಒಂದೂ ಇರ್ಲಿಲ್ಲ ಇವು,
ಶೀಷೆ ಅದೇ, ದ್ರಾಕ್ಷಿ ಅದೇ.
ಹೋಗೂ ದಾರಿ ಸಣ್ಣದಾದ್ರ
ವಾಸನಿ ಸುದ್ದಾ ಕುಂತು ಮಾತಾಡ್ತದ.

ನಮ್ಮ ತಾತ ಗುರುಮಠಕಲ್ ಕಡಿಯವ,
ಮುತ್ತಲ ಎಲಿ ಮಡಚಿ ಸೇಂದಿ ಕುಡಿಯಾವ.
ಅದೂ ಶಂಕೇ, ಬೋರಲು ಹಾಕಿದ್ದು.
ಬಾಯಿ ಅಗಲ, ತಳ ಚೂಪು.
ಕೆಳಗಿಡಾಕ ಬರಲ್ಲ ಅದು,
ತುಂಬಿದ್ರ ಕುಡೀಬೇಕು, ಇಲ್ಲಾ ಯಾರ ಕೈಗರ ಕೊಡಬೇಕು.
ತಾತ ಜಾಸ್ತಿ ಕುಡದದ್ದು ಅದಕ್ಕೇನೋ,
ದೋಸ್ತರು ಜಾಸ್ತಿ ಇದ್ದದ್ದೂ ಅದಕ್ಕೇನೋ.
ಫ್ಲಾಸ್ಕು ಹಂಗಲ್ಲ, ಮೇಜಿನ ಮ್ಯಾಲ ಒಬ್ಬನೇ ಕೂಡ್ತದ.

ಅದಕ್ಕ ಒಂದರಾಗೇ ಕುಡದ್ವಿ, ಇಬ್ಬರೂ,
ಆ ಕಡಿಂದ ಈ ಕಡಿಗೆ ಸರಿಸ್ಕೋತ,
ಸೊಲ್ಲಾಪುರ ಗಾಡಿ ಹೋಗೂತನಕ.

ಏಳು ಮುಂದ ತೊಳದೆ. ಮೂರು ನೀರು,
ಆಮ್ಯಾಲ ಭಟ್ಟಿ ಇಳಿಸಿದ ನೀರು.
ಗೂಟಕ್ಕ ಬೋರಲು ಹಾಕಿದೆ,
ತಾತನ ಎಲಿ ಆಯ್ತು ಒಂದು ಗಳಿಗಿ.

ಸ್ಟಾಕ್ ರಿಜಿಸ್ಟರಿನ್ಯಾಗ ಕಡೀ ಸಾಲು ಬರದೆ:
ಫ್ಲಾಸ್ಕು, ಒಂದು. ಒಡದಿಲ್ಲ.
ಉದ್ದೇಶ ಅನ್ನೂ ಕಾಲಮಿನ್ಯಾಗ
ಜರಾ ಹೊತ್ತು ಪೆನ್ನು ಹಿಡದು ಕುಂತು
'ವಾಸನಿ' ಅಂತ ಬರದು, ಸಹಿ ಮಾಡಿದೆ.
ಆಡಿಟಿನವರು ಬಂದು ಕೇಳ್ಲಿ.